ಪಾಳುಭೂಮಿಯ ಉಪಾಧ್ಯಾಯ

ಕೀಟಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ಅವರಲ್ಲಿ ಜಾನ್ ಆನ್ರಿ ಫಾಬ್ರೆಯನ್ನು ನಾನು ವಿಶೇಷವಾಗಿ ಮೆಚ್ಚುವುದಕ್ಕೆ ಆತನು ಉಪಾಧ್ಯಾಯನಾಗಿದ್ದುದೂ ಒಂದು ಕಾರಣ. 1823ರಲ್ಲಿ ದಕ್ಷಿಣ ಫ್ರಾನ್ಸಿನ ಬಡಕುಟುಂಬವೊಂದರಲ್ಲಿ ಹುಟ್ಟಿದ ಫಾಬ್ರೆ ಅವಿನ್ಯೋನ್ ನಗರದಲ್ಲಿ ಬಹುಕಾಲ ಪಾಠ ಹೇಳಿದನು. ಬರುವ ಸಂಬಳ ಸಂಸಾರಕ್ಕೆ ಸಾಲದು. ಕಣಜಗಳ ಬೆನ್ನುಹತ್ತಿ ಹೋಗುವ ಭಾಗ್ಯ ರಜೆಯ ದಿನಗಳಲ್ಲಿ ಮಾತ್ರ. ಹೂವು ಕಾಯಾಗುವ ಬಗೆಯನ್ನು ಹೆಣ್ಣುಮಕ್ಕಳ ತರಗತಿಯಲ್ಲಿ ವಿವರಿಸಿದ್ದೇ ಅಪರಾಧವಾಯಿತು. ಪಾದ್ರಿಗಳ ಕೋಪಕ್ಕೆ ಗುರಿಯಾಗಿ, ಬಾಡಿಗೆಯ ಮನೆಯನ್ನೂ ಕಳೆದುಕೊಂಡು, 1870ರ ಸುಮಾರಿಗೆ ಆತನು ಊರನ್ನೇ ಬಿಡಬೇಕಾಯಿತು. ಆಗ ಮೂರು ಸಾವಿರ ಫ್ರಾಂಕು ಕೈಗಡ ಕೊಟ್ಟು ಕಾಪಾಡಿದವನು, ಕಾಡುಗಿಡಗಳನ್ನರಸುತ್ತ ಆತನೊಡನೆ ಅಲೆಯುತ್ತಿದ್ದ ತತ್ತ್ವಜ್ಞಾನಿ ಜಾನ್ ಸ್ಟುಅರ್ಟ್ ಮಿಲ್.

1877ರಲ್ಲಿ ಮತ್ತೊಂದು ಪೆಟ್ಟು. ಹೂವು ಹುಳಗಳಲ್ಲಿ ತಂದೆಯಷ್ಟೇ ಅಕ್ಕರೆಯಿದ್ದ ಮಗ ಜೂಲ್ ಹದಿನಾರರ ಹರೆಯದಲ್ಲಿ ತೀರಿಕೊಂಡನು. ಮೂರು ಕಣಜಗಳಿಗೆ ಫಾಬ್ರೆ ಆ ಮಗನ ಹೆಸರಿಟ್ಟನು. ಶಾಸ್ತ್ರಗ್ರಂಥಗಳ ಒಣ ಲ್ಯಾಟಿನ್ ನಾಮಾವಳಿಯನ್ನು ಓದುವಾಗ ಇದು ನನಗೆ ನೆನಪಾಗದಿರುವುದಿಲ್ಲ.

ನಲವತ್ತು ವರ್ಷಗಳಿಂದ ಬಯಸಿದ್ದ ನೆಲ ಆತನಿಗೆ ದಕ್ಕಿದ್ದು 1879ರಲ್ಲಿ, ಸೆರಿನ್ಯಾನ್ ಗ್ರಾಮದಲ್ಲಿ. ಸುಮಾರು ಎರಡೂವರೆ ಎಕರೆಯ ಪಾಳುಭೂಮಿ. ಬೆಣಚುಕಲ್ಲು, ಹುಲ್ಲು, ಮುಳ್ಳುಗಿಡ. ರೈತನು ತಿರುಗಿಯೂ ನೋಡದ ಆ ನೆಲದಲ್ಲಿ ಬೇಸಗೆ ಬಂದು ಮುಳ್ಳುಗಿಡಗಳು ಹೂಬಿಟ್ಟವೆಂದರೆ ಕಾಡುಜೇನುಗಳ ಬಂಧುಬಳಗವೆಲ್ಲ ನೆರೆಯುತ್ತಿದ್ದಿತು. ಒಂದು ಜಾತಿಯದು ಗಿಡದ ತುಪ್ಪುಳನ್ನು ಹೆರೆದು ಹತ್ತಿಯಂತೆ ಉಂಡೆಕಟ್ಟಿ ಗೂಡಿಗೊಯ್ಯುವುದು. ಇನ್ನೊಂದು ಎಲೆಯನ್ನು ಕತ್ತರಿಯಿಂದಲೋ ಎಂಬಂತೆ ದುಂಡಗೆ ಕತ್ತರಿಸುವುದು. ಸುಡುಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತು ಆತನು ಇವನ್ನೆಲ್ಲ ನೋಡಿದನು.

ಒಂದು ಮೇ ತಿಂಗಳ ಬೆಳಗ್ಗೆ ದೊಡ್ಡ ನವಿಲುಪತಂಗದ ಹೆಣ್ಣೊಂದು ಆತನ ಮೇಜಿನ ಮೇಲೆ ಕೋಶವೊಡೆದು ಹೊರಬಂದಿತು. ಅದನ್ನು ತಂತಿಬಲೆಯೊಳಗಿಟ್ಟನು. ರಾತ್ರಿ ಒಂಬತ್ತರ ವೇಳೆಗೆ ಕತ್ತಲೆಯನ್ನು ಸೀಳಿಕೊಂಡು ನಲವತ್ತರಷ್ಟು ಗಂಡುಪತಂಗಗಳು ಮನೆಯನ್ನು ಮುತ್ತಿದವು! ಕಟುವಾಸನೆಯ ದ್ರವ್ಯಗಳನ್ನಿಟ್ಟು ದಾರಿ ತಪ್ಪಿಸಲೆತ್ತಿಸಿದರೂ ಅವು ತಪ್ಪಲಿಲ್ಲ. ನಮ್ಮ ಮೂಗಿಗೆ ನಿಲುಕದ ಯಾವುದೋ ಗಂಧ ಅವನ್ನು ಸೆಳೆಯುತ್ತಿರಬೇಕೆಂದು ಆತನು ಊಹಿಸಿದನು. ಅಂಥ ದ್ರವ್ಯವನ್ನು ರೇಷ್ಮೆಪತಂಗದಿಂದ ಬೇರ್ಪಡಿಸಿ ತೋರಿಸಿದ್ದು 1959ರಲ್ಲಿ, ಜರ್ಮನಿಯ ಬ್ಯೂಟೆನಾಂಟ್.

ಆತನ ಎಲ್ಲ ನಿರ್ಣಯಗಳೂ ನಿಲ್ಲಲಿಲ್ಲ. ಮರದ ಕೆಳಗೆ ಕದಿನಿ ಹಾರಿಸಿದರೂ ಜೀರುಂಡೆಗಳ ಹಾಡು ನಿಲ್ಲದಿದ್ದುದರಿಂದ ಅವು ಕಿವುಡೆಂದು ಬಗೆದನು. ಅವಕ್ಕೆ ಶ್ರವಣಾಂಗವಿರುವುದು ಈಗ ತಿಳಿದಿದೆ. ಆದರೂ ಅನುಮಾನ ಬಂದೊಡನೆ ಪುಸ್ತಕವನ್ನು ಬಿಟ್ಟು ಹುಳವನ್ನೇ ಕೇಳಹೋದ ಮೇಷ್ಟರು ಎಷ್ಟು ಮಂದಿ?

1879ರಿಂದ 1907ರವರೆಗೆ ಆತನ ಕೀಟಸ್ಮೃತಿಗಳು ಹತ್ತು ಸಂಪುಟಗಳಲ್ಲಿ ಹೊರಬಂದವು. ಕೀರ್ತಿ ಮುಪ್ಪಿನಲ್ಲಿ ಬಂದಿತು. 1915ರ ಅಕ್ಟೋಬರಿನಲ್ಲಿ ಆ ಪಾಳುಭೂಮಿಯ ನಡುವಣ ಮನೆಯಲ್ಲಿಯೇ ಫಾಬ್ರೆ ಕಣ್ಮುಚ್ಚಿದನು.