ರಾತ್ರಿ ಶಾಲೆಯಲ್ಲಿ ಕಲಿತು ಸಾವಿರಾರು ಶಾಲೆಗಳಿಗೆ ದಾರಿ ಮಾಡಿದ ಬುಕರ್ ಟಿ. ವಾಷಿಂಗ್ಟನ್

ವಿದ್ಯೆ ಯಾವ ಜಾತಿಯ, ಯಾವ ಬಣ್ಣದ ಸೊತ್ತೂ ಅಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ತಲೆತಲಾಂತರದಿಂದ ಅಕ್ಷರದಿಂದ ದೂರ ಇಟ್ಟ ಒಂದು ಜನಾಂಗದ ಮಕ್ಕಳು ಕಲಿಕೆಯಲ್ಲಿ ಹಿಂದೆ ಬಿದ್ದಾಗ, ಕೊರತೆ ಇರುವುದು ಮಕ್ಕಳಲ್ಲೋ ಶಾಲೆಯಲ್ಲೋ ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳ ಕಲಿಕೆಯ ಅಂತರದ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಚರ್ಚೆ ನಡೆದಿದೆ. ಇಟ್ಟಿಗೆ, ಬೆಂಚು ಮತ್ತು ಮಾಸ್ತರರ ಮೂಲಕ ಇದಕ್ಕೆ ಉತ್ತರ ಕೊಡಲು ಹೊರಟವರು ಬುಕರ್ ಟಿ. ವಾಷಿಂಗ್ಟನ್. ಗುಲಾಮನಾಗಿ ಹುಟ್ಟಿ, ಹಗಲು ದುಡಿದು, ರಾತ್ರಿ ಓದಿ ಮೇಲೆ ಬಂದ ಈ ಮಹನೀಯರ ಬದುಕು, ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ಮುಂಬಯಿ ಕನ್ನಡಿಗರಿಗೆ ಹತ್ತಿರದ್ದು ಎನಿಸಿದರೆ ಆಶ್ಚರ್ಯವಿಲ್ಲ.

ಉಪ್ಪಿನ ಪೀಪಾಯಿಯ ಮೇಲಿನ ಅಂಕೆ

ಬುಕರ್ ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾ ರಾಜ್ಯದ ಒಂದು ತೋಟದಲ್ಲಿ. ತಾಯಿ ಜೇನ್ ಅಲ್ಲಿ ಅಡುಗೆಯ ಕೆಲಸದಲ್ಲಿದ್ದ ಗುಲಾಮ ಹೆಂಗಸು. ತಂದೆ ಯಾರೋ ಒಬ್ಬ ಬಿಳಿಯ. ಆತ ಯಾರೆಂದು ಮಗನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಗುಲಾಮರನ್ನು ಒಟ್ಟುಸೇರಿಸಿ ಅಕ್ಷರ ಕಲಿಸುವುದನ್ನು ಆ ರಾಜ್ಯದ ಕಾನೂನೇ ನಿಷೇಧಿಸಿತ್ತು. ಒಡೆಯನ ಮನೆಯ ಹುಡುಗಿಯ ಪುಸ್ತಕಗಳನ್ನು ಹೊತ್ತು ಶಾಲೆಯ ಬಾಗಿಲ ತನಕ ಹೋಗುವುದಷ್ಟೇ ಬುಕರ್‌ನ ಪಾಲಿಗಿದ್ದ ಶಾಲೆ.

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆಯಾಯಿತು. ಕುಟುಂಬ ವೆಸ್ಟ್ ವರ್ಜೀನಿಯಾದ ಮಾಲ್ಡೆನ್ ಎಂಬ ಊರಿಗೆ ಹೋಯಿತು. ಅಲ್ಲಿ ಮಲತಂದೆಗೆ ಉಪ್ಪು ಕಾಯಿಸುವ ಭಟ್ಟಿಯಲ್ಲಿ ಕೆಲಸ. ಹುಡುಗ ಬುಕರ್‌ನನ್ನೂ ಅಲ್ಲಿಗೇ ಸೇರಿಸಲಾಯಿತು. ಪ್ರತಿಯೊಬ್ಬ ಕೆಲಸಗಾರನ ಪೀಪಾಯಿಗಳಿಗೂ ಒಂದು ಗುರುತಿನ ಸಂಖ್ಯೆ ಇತ್ತು. ಮಲತಂದೆಯದ್ದು 18. ಬುಕರ್ ಜೀವನದಲ್ಲಿ ಮೊದಲು ಓದಲು ಕಲಿತದ್ದು ಆ ಎರಡು ಅಂಕೆಗಳನ್ನು. ಮಗನ ಹಂಬಲ ಕಂಡ ತಾಯಿ ಎಲ್ಲಿಂದಲೋ ಒಂದು ಕಾಗುಣಿತದ ಪುಸ್ತಕ ತಂದುಕೊಟ್ಟಳು. ಅವಳಿಗೆ ಸ್ವತಃ ಓದು ಬಾರದು.

ಊರಿನಲ್ಲಿ ಕರಿಯ ಮಕ್ಕಳಿಗಾಗಿ ಶಾಲೆ ತೆರೆದಾಗ ಮನೆಯ ಬಡತನದಿಂದಾಗಿ ಮಲತಂದೆ ಕೆಲಸ ಬಿಡಿಸಲು ಒಪ್ಪಲಿಲ್ಲ. ಆಗ ಬುಕರ್ ರಾತ್ರಿ ಹೊತ್ತು ಮಾಸ್ತರರಿಂದ ಪಾಠ ಹೇಳಿಸಿಕೊಂಡನು. ಮುಂದೆ ಬೆಳಗ್ಗೆ 9ರವರೆಗೆ ಭಟ್ಟಿಯಲ್ಲಿ ದುಡಿದು ಶಾಲೆಗೆ ಹೋಗಬಹುದೆಂದು ಒಪ್ಪಿಗೆಯಾಯಿತು. ಆದರೆ ಶಾಲೆ ಶುರುವಾಗುವುದೂ 9ಕ್ಕೇ. ಪಾಠ ತಪ್ಪಬಾರದೆಂದು ಕಚೇರಿಯ ಗಡಿಯಾರದ ಮುಳ್ಳನ್ನು ಎಂಟೂವರೆಯಿಂದ ಒಂಬತ್ತಕ್ಕೆ ತಿರುಗಿಸುತ್ತಿದ್ದ ಹುಡುಗನ ಉಪಾಯ ಕೆಲವು ದಿನ ನಡೆಯಿತು. ಬಳಿಕ ಮೇಲ್ವಿಚಾರಕರು ಗಡಿಯಾರಕ್ಕೇ ಬೀಗ ಹಾಕಿದರು! ಶಾಲೆಯಲ್ಲಿ ಹೆಸರು ಕೇಳಿದಾಗ ಉಳಿದ ಮಕ್ಕಳಿಗೆ ಎರಡೆರಡು ಹೆಸರು ಇರುವುದನ್ನು ಕಂಡು, ತನ್ನ ಹೆಸರು ಬುಕರ್ ವಾಷಿಂಗ್ಟನ್ ಎಂದು ಆ ಕ್ಷಣದಲ್ಲೇ ತಾನೇ ಇಟ್ಟುಕೊಂಡನು.

ಕಸ ಗುಡಿಸಿ ಪಾಸಾದ ಪರೀಕ್ಷೆ

ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದಾಗ, ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಕರಿಯರಿಗೆ ದೊಡ್ಡ ವಿದ್ಯಾಸಂಸ್ಥೆ ಇದೆ, ಬಡವರು ಕೆಲಸ ಮಾಡಿ ಅಲ್ಲಿ ಓದಬಹುದು ಎಂಬ ಮಾತು ಕಿವಿಗೆ ಬಿತ್ತು. 1872ರಲ್ಲಿ ಸುಮಾರು 500 ಮೈಲಿ ದೂರದ ಆ ಊರಿಗೆ ಹೊರಟೇಬಿಟ್ಟರು. ರಿಚ್‌ಮಂಡ್ ತಲುಪುವಾಗ ಕೈ ಖಾಲಿ. ರಸ್ತೆ ಬದಿಯ ಹಲಗೆಯ ಕಾಲುದಾರಿಯ ಅಡಿಯಲ್ಲಿ ರಾತ್ರಿ ಮಲಗಿ, ಹಗಲು ಹಡಗಿನಿಂದ ಕಬ್ಬಿಣ ಇಳಿಸಿ, ಕೂಡಿಟ್ಟ ದುಡ್ಡಿನಲ್ಲಿ ಮುಂದೆ ಪ್ರಯಾಣಿಸಿದರು. ಹ್ಯಾಂಪ್ಟನ್ ಮುಟ್ಟಿದಾಗ ಜೇಬಿನಲ್ಲಿ ಇದ್ದದ್ದು 50 ಸೆಂಟ್.

ಧೂಳು ಮೆತ್ತಿದ ಬಟ್ಟೆಯ ಈ ಹುಡುಗನನ್ನು ಸೇರಿಸಿಕೊಳ್ಳಲು ಮುಖ್ಯ ಶಿಕ್ಷಕಿ ಅನುಮಾನಿಸಿದರು. ಗಂಟೆಗಟ್ಟಲೆ ಕಾಯಿಸಿ ಒಂದು ಕೋಣೆ ಗುಡಿಸಲು ಹೇಳಿದರು. ಬುಕರ್ ಆ ಕೋಣೆಯನ್ನು ಮೂರು ಸಲ ಗುಡಿಸಿ, ನಾಲ್ಕು ಸಲ ಒರೆಸಿದರು. ಶಿಕ್ಷಕಿ ಕರವಸ್ತ್ರದಿಂದ ಗೋಡೆ, ಬೆಂಚು ಉಜ್ಜಿ ನೋಡಿದರೂ ಧೂಳು ಸಿಗಲಿಲ್ಲ. ಅದೇ ಪ್ರವೇಶ ಪರೀಕ್ಷೆಯಾಯಿತು. ಕಸ ಗುಡಿಸುವ, ಒಲೆ ಉರಿಸುವ ಕೆಲಸ ಮಾಡುತ್ತಲೇ ಓದಿ 1875ರಲ್ಲಿ ತೇರ್ಗಡೆಯಾದರು. ಮಾಲ್ಡೆನ್‌ಗೆ ಮರಳಿ ಹಗಲೂ ರಾತ್ರಿಯೂ ಪಾಠ ಹೇಳಿದರು. ಬಳಿಕ ಹ್ಯಾಂಪ್ಟನ್‌ಗೇ ಶಿಕ್ಷಕರಾಗಿ ಹೋಗಿ ಅಲ್ಲಿನ ರಾತ್ರಿ ತರಗತಿಗಳನ್ನು ನಡೆಸಿದರು.

ಟಸ್ಕೆಗೀಯಲ್ಲಿ ಶೂನ್ಯದಿಂದ ಆರಂಭ

1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೆಗೀ ಎಂಬ ಊರಿನಲ್ಲಿ ಕರಿಯ ಶಿಕ್ಷಕರನ್ನು ತಯಾರು ಮಾಡುವ ಶಾಲೆಗೆ ಸರಕಾರ ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತು. ಅದೂ ಸಂಬಳಕ್ಕೆ ಮಾತ್ರ. ಜಾಗವಿಲ್ಲ, ಕಟ್ಟಡವಿಲ್ಲ. ಮುಖ್ಯಸ್ಥರಾಗಿ ಬಂದ 25ರ ಹರೆಯದ ವಾಷಿಂಗ್ಟನ್ ಮೊದಲು ಒಂದು ತಿಂಗಳು ಸುತ್ತಲಿನ ಹಳ್ಳಿಗಳನ್ನು ತಿರುಗಿದರು. ಅಲ್ಲಿ ಕಂಡದ್ದೇ ಮುಂದಿನ ಅವರ ಇಡೀ ಕೆಲಸಕ್ಕೆ ಬುನಾದಿ. ಕರಿಯರ ಶಾಲೆಗಳು ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತಿದ್ದವು. ಇಗರ್ಜಿಯಲ್ಲೋ ಮುರುಕು ಗುಡಿಸಲಿನಲ್ಲೋ ಪಾಠ. ಒಂದು ಕಡೆ ಐದು ಮಕ್ಕಳಿಗೆ ಒಂದೇ ಪುಸ್ತಕ: ಮುಂದಿನ ಬೆಂಚಿನಲ್ಲಿ ಇಬ್ಬರು ಪುಸ್ತಕ ಹಿಡಿದಿದ್ದರೆ, ಹಿಂದಿನ ಇಬ್ಬರು ಅವರ ಹೆಗಲ ಮೇಲಿಂದ ಇಣುಕುತ್ತಿದ್ದರು, ಐದನೆಯವನು ಆ ನಾಲ್ವರ ಹಿಂದಿನಿಂದ! ಇಂಥ ಮಕ್ಕಳನ್ನು ಇಡೀ ವರ್ಷ ಶಾಲೆ, ತಲೆಗೊಂದು ಪುಸ್ತಕ ಇರುವ ಮಕ್ಕಳೊಂದಿಗೆ ಹೋಲಿಸಿ ದಡ್ಡರೆನ್ನುವುದು ಎಷ್ಟು ಸರಿ?

ಬಂದ ವಿದ್ಯಾರ್ಥಿಗಳಲ್ಲಿ ಕೆಲವರು ಬ್ಯಾಂಕಿಂಗ್, ಬಡ್ಡಿ ಕಡಿತದ ಲೆಕ್ಕಗಳನ್ನು ಬಾಯಿಪಾಠ ಮಾಡಿದ್ದರು. ಆದರೆ ಅವರಿಗಾಗಲಿ ಅಕ್ಕಪಕ್ಕದವರಿಗಾಗಲಿ ಬ್ಯಾಂಕ್ ಖಾತೆಯೇ ಇರಲಿಲ್ಲ. ಓದಿಗೂ ಬದುಕಿಗೂ ಸಂಬಂಧ ಇರಬೇಕೆಂದು ವಾಷಿಂಗ್ಟನ್ ನಿರ್ಧರಿಸಿದ್ದು ಇಂಥವುಗಳನ್ನು ನೋಡಿಯೇ.

1881ರ ಜುಲೈ 4ರಂದು 30 ವಿದ್ಯಾರ್ಥಿಗಳೊಂದಿಗೆ ಶಾಲೆ ತೆರೆಯಿತು. ಮಾಡು ಸೋರುತ್ತಿದ್ದ ಕಾರಣ ಮಳೆ ಬಂದಾಗ ಒಬ್ಬ ಹುಡುಗ ಮಾಸ್ತರರಿಗೆ ಕೊಡೆ ಹಿಡಿಯಬೇಕಿತ್ತು. ಹ್ಯಾಂಪ್ಟನ್‌ನ ಖಜಾಂಚಿಯವರಿಂದ 250 ಡಾಲರ್ ಕೈಸಾಲ ಪಡೆದು, 500 ಡಾಲರ್ ಬೆಲೆಯ 100 ಎಕರೆ ಪಾಳು ತೋಟ ಖರೀದಿಸಿದರು. ಕಟ್ಟಡಕ್ಕೆ ಇಟ್ಟಿಗೆಯನ್ನು ವಿದ್ಯಾರ್ಥಿಗಳೇ ಸುಡಬೇಕೆಂದು ಹೊರಟಾಗ ಮೂರು ಆವಿಗೆಗಳು ಕೆಟ್ಟವು. ವಾಷಿಂಗ್ಟನ್ ತಮ್ಮ ಗಡಿಯಾರವನ್ನು 15 ಡಾಲರಿಗೆ ಅಡವಿಟ್ಟು ನಾಲ್ಕನೆಯದನ್ನು ಹೂಡಿದರು. ಅದು ಗೆದ್ದಿತು. ಅಡವಿಟ್ಟ ಗಡಿಯಾರವನ್ನು ಬಿಡಿಸಿಕೊಳ್ಳಲು ಮಾತ್ರ ಆಗಲೇ ಇಲ್ಲ. ಗುಲಾಮಗಿರಿಯಲ್ಲೇ ಆಯುಷ್ಯ ಸವೆಸಿದ್ದ ಎಪ್ಪತ್ತರ ಆಸುಪಾಸಿನ ಒಬ್ಬ ಮುದುಕಿ ಹರಕು ಬಟ್ಟೆಯಲ್ಲಿ ಕೋಲೂರಿಕೊಂಡು ಬಂದು, ಈ ಮಕ್ಕಳ ಓದಿಗೆಂದು ಆರು ಮೊಟ್ಟೆ ಕೊಟ್ಟು ಹೋದಳು. ಮುಂದೆ ಲಕ್ಷಗಟ್ಟಲೆ ಡಾಲರ್ ದೇಣಿಗೆ ಬಂದರೂ ಆ ಆರು ಮೊಟ್ಟೆಯಷ್ಟು ಯಾವ ಕೊಡುಗೆಯೂ ಅವರ ಮನಸ್ಸನ್ನು ತಟ್ಟಲಿಲ್ಲ.

1884ರಲ್ಲಿ ಟಸ್ಕೆಗೀಯಲ್ಲೂ ರಾತ್ರಿ ಶಾಲೆ ಆರಂಭವಾಯಿತು. ಹಗಲು ಹತ್ತು ಗಂಟೆ ದುಡಿಮೆ, ಸಂಜೆ ಎರಡು ಗಂಟೆ ಓದು. ಸಂಬಳದ ಬಹುಪಾಲು ಸಂಸ್ಥೆಯಲ್ಲೇ ಜಮೆಯಾಗಿ, ಮುಂದೆ ಹಗಲು ಶಾಲೆಯ ಖರ್ಚಿಗೆ ಒದಗುತ್ತಿತ್ತು. 1896ರಲ್ಲಿ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನು ಕರೆತಂದು ವಿಭಾಗ ವಹಿಸಿಕೊಟ್ಟವರೂ ಇವರೇ. 1901ರಲ್ಲಿ ಪ್ರಕಟವಾದ ಇವರ ಆತ್ಮಕಥೆ ದೇಶವಿದೇಶಗಳಲ್ಲಿ ಓದಿಸಿಕೊಂಡಿತು. 1903ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಇವರ ಬದುಕನ್ನು ಭಾರತೀಯ ಓದುಗರಿಗೆ ಪರಿಚಯಿಸಿದ್ದರು.

ಮೌನದ ಬೆಲೆ

ಈ ಯಶಸ್ಸಿಗೆ ಇನ್ನೊಂದು ಮುಖವೂ ಇದೆ. 1895ರಲ್ಲಿ ಅಟ್ಲಾಂಟಾ ನಗರದಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ವಾಷಿಂಗ್ಟನ್, ಕರಿಯರು ಸದ್ಯಕ್ಕೆ ಸಾಮಾಜಿಕ ಸಮಾನತೆಗಾಗಿ ಪಟ್ಟುಹಿಡಿಯದೆ ಕಸುಬು, ದುಡಿಮೆ, ಉಳಿತಾಯಗಳಿಂದ ಮೇಲೇರಲಿ ಎಂದು ಹೇಳಿದರು. ಬಿಳಿಯರು ಮೆಚ್ಚಿದರು, ದೇಣಿಗೆ ಹರಿದು ಬಂತು. ಆದರೆ ಮರುವರ್ಷವೇ ಸುಪ್ರೀಂ ಕೋರ್ಟು ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ವ್ಯವಸ್ಥೆ ಮಾಡುವುದು ತಪ್ಪಲ್ಲವೆಂದು ತೀರ್ಪಿತ್ತಿತು. ದಕ್ಷಿಣದ ರಾಜ್ಯಗಳು ಒಂದರ ಹಿಂದೊಂದರಂತೆ ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡವು. ಮತವಿಲ್ಲದವರ ಮಾತನ್ನು ಶಾಲೆಯ ಹಣ ಹಂಚುವ ಅಧಿಕಾರಿ ಏಕೆ ಕೇಳಬೇಕು? ಕರಿಯರ ತೆರಿಗೆಯ ದುಡ್ಡು ಸಹ ಬಿಳಿಯರ ಶಾಲೆಗೆ ಹೋಗತೊಡಗಿತು.

ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಡಬ್ಲ್ಯೂ. ಇ. ಬಿ. ಡುಬೋಯ್ಸ್ 1903ರಲ್ಲಿ ಇದನ್ನು ಬಹಿರಂಗವಾಗಿ ಖಂಡಿಸಿದರು. ಮತದ ಹಕ್ಕು ಮತ್ತು ಉನ್ನತ ಶಿಕ್ಷಣ ಬಿಟ್ಟುಕೊಟ್ಟರೆ ಕಸುಬೂ ಉಳಿಯದು ಎಂಬುದು ಅವರ ವಾದ. ಈ ಟೀಕೆಯಲ್ಲಿ ಸತ್ಯವಿತ್ತು. ವಾಷಿಂಗ್ಟನ್‌ರಿಗೂ ಅದು ಗೊತ್ತಿರಲಿಲ್ಲವೆಂದಲ್ಲ. ಬಹಿರಂಗವಾಗಿ ಮೌನವಾಗಿದ್ದ ಅವರು ಅಲಬಾಮಾದ ಮತದಾನ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದ ಮೊಕದ್ದಮೆಗೆ ಗುಟ್ಟಾಗಿ ಹಣ ಒದಗಿಸುತ್ತಿದ್ದರು ಎಂಬುದು ಅವರ ಕಾಗದಪತ್ರಗಳಿಂದ ಮುಂದೆ ಬೆಳಕಿಗೆ ಬಂತು. 1903ರಲ್ಲಿ ಆ ಮೊಕದ್ದಮೆ ಸೋತಿತು.

ಆರು ಶಾಲೆಗಳಿಂದ ಐದು ಸಾವಿರಕ್ಕೆ

ಷಿಕಾಗೋದ ಸಿಯರ್ಸ್ ರೋಬಕ್ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸೆನ್‌ವಾಲ್ಡ್ 1912ರಲ್ಲಿ ತಮ್ಮ 50ನೇ ಹುಟ್ಟುಹಬ್ಬಕ್ಕೆ ಟಸ್ಕೆಗೀಗೆ 25,000 ಡಾಲರ್ ನೀಡಿದರು. ಅದರಲ್ಲಿ ಉಳಿದ 2,800 ಡಾಲರಿನಲ್ಲಿ ಆರು ಹಳ್ಳಿ ಶಾಲೆಗಳನ್ನು ಕಟ್ಟೋಣವೇ ಎಂದು ವಾಷಿಂಗ್ಟನ್ ಕೇಳಿದರು. ಷರತ್ತು ಸರಳ: ಪೂರ್ತಿ ಹಣ ಯಾರೂ ಕೊಡುವುದಿಲ್ಲ. ಹಳ್ಳಿಯವರು ತಮ್ಮ ಪಾಲನ್ನು ದುಡ್ಡು, ಮರ, ಜಾಗ ಅಥವಾ ಮೈಮುರಿದ ದುಡಿಮೆಯ ರೂಪದಲ್ಲಿ ಹಾಕಬೇಕು. ಸರಕಾರವೂ ಕೈಸೇರಿಸಿ ಶಾಲೆಯನ್ನು ನಡೆಸಬೇಕು. ವಿದ್ಯುತ್ ಇಲ್ಲದ ಹಳ್ಳಿಗಳಲ್ಲಿ ಮಕ್ಕಳ ಪುಸ್ತಕದ ಮೇಲೆ ಬೆಳಕು ಬೀಳುವಂತೆ ಸಾಲಾಗಿ ದೊಡ್ಡ ಕಿಟಕಿಗಳಿರುವ ನಕ್ಷೆಗಳು ಟಸ್ಕೆಗೀಯಿಂದಲೇ ಹೊರಬಂದವು.

ವಾಷಿಂಗ್ಟನ್ 1915ರ ನವೆಂಬರ್ 14ರಂದು 59ರ ಹರೆಯದಲ್ಲಿ ಟಸ್ಕೆಗೀಯಲ್ಲೇ ಕೊನೆಯುಸಿರೆಳೆದರು. ಆದರೆ ಯೋಜನೆ ನಿಲ್ಲಲಿಲ್ಲ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳು ಎದ್ದಿದ್ದವು. ಶಿಕ್ಷಕರ ಮನೆ, ಕಸುಬು ಕಲಿಸುವ ಕೊಠಡಿಗಳೂ ಸೇರಿ ಒಟ್ಟು ಖರ್ಚು ಸುಮಾರು 2 ಕೋಟಿ 84 ಲಕ್ಷ ಡಾಲರ್. ಇದರಲ್ಲಿ ದೊಡ್ಡ ಪಾಲು ಸರಕಾರದ್ದು. ರೋಸೆನ್‌ವಾಲ್ಡ್ ನಿಧಿಯದ್ದು ಸುಮಾರು 43 ಲಕ್ಷ. ಕಡುಬಡವರಾಗಿದ್ದ ಕರಿಯರು ತಾವೇ ಕೂಡಿಸಿದ್ದು ಸುಮಾರು 47 ಲಕ್ಷ! ತೆರಿಗೆ ಒಮ್ಮೆ ಕಟ್ಟಿ, ತಮ್ಮ ಮಕ್ಕಳ ಶಾಲೆಗೆ ಮತ್ತೊಮ್ಮೆ ಜೇಬಿನಿಂದ ತೆತ್ತವರು ಅವರು.

ಫಲವೇನು? ದಕ್ಷಿಣದ ಕರಿಯ ಮತ್ತು ಬಿಳಿಯ ಗಂಡಸರು ಶಾಲೆಯಲ್ಲಿ ಕಳೆದ ವರ್ಷಗಳ ಅಂತರ 1880ರಿಂದ 1910ರ ನಡುವೆ ಹುಟ್ಟಿದವರಲ್ಲಿ ಕದಲದೆ ನಿಂತಿತ್ತು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಅದು ವೇಗವಾಗಿ ಕುಗ್ಗಿತು. ಇದರಲ್ಲಿ ಈ ಶಾಲೆಗಳ ಪಾಲು ಗಣನೀಯ, ಹಾಜರಿ, ಸಾಕ್ಷರತೆ ಮಾತ್ರವಲ್ಲ ಬುದ್ಧಿಶಕ್ತಿಯ ಪರೀಕ್ಷೆಯ ಅಂಕಗಳೂ ಏರಿದವು, ಅತಿ ಹಿಂದುಳಿದ ಜಿಲ್ಲೆಗಳಲ್ಲೇ ಲಾಭ ಹೆಚ್ಚು ಎಂದು 2011ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನ ತಿಳಿಸಿದೆ. ಮಕ್ಕಳು ಅದೇ ಮಕ್ಕಳು, ಬದಲಾದದ್ದು ಶಾಲೆ. ಲೇಖಕಿ ಮಾಯಾ ಏಂಜೆಲೋ, ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್ ಕಲಿತದ್ದು ಇಂಥ ಶಾಲೆಗಳಲ್ಲೇ.

ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 1954ರಲ್ಲಿ ಹೇಳಬೇಕಾಯಿತು. ಡುಬೋಯ್ಸ್ ಕೇಳಿದ್ದ ಹಕ್ಕು ಕಾನೂನಿನ ರೂಪದಲ್ಲಿ ಬಂತು, ವಾಷಿಂಗ್ಟನ್ ಕಟ್ಟಿದ್ದ ಶಾಲೆ ಆ ಹಕ್ಕು ಕೇಳುವ ಪೀಳಿಗೆಯನ್ನು ಬೆಳೆಸಿತ್ತು. ಒಂದಿಲ್ಲದೆ ಇನ್ನೊಂದು ಸಾಲದು. ಅಮೆರಿಕದಲ್ಲಿ ಆ ಅಂತರ ಇಂದಿಗೂ ಪೂರ್ತಿ ಮುಚ್ಚಿಲ್ಲ. ನಮ್ಮ ಸಂಘಸಂಸ್ಥೆಗಳು ವರ್ಷವರ್ಷವೂ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ ನೀಡುವಾಗ, ಮುಂದಿನ ಸಾಲಿನಲ್ಲಿ ಕುಳಿತ ಜಾಣ ಮಕ್ಕಳ ಜೊತೆಗೆ, ನಾಲ್ವರ ಹಿಂದಿನಿಂದ ಇಣುಕುತ್ತಿರುವ ಆ ಐದನೆಯ ಮಗುವಿನ ಕಡೆಗೂ ಕಣ್ಣು ಹಾಯಿಸಿದರೆ ಅದೇ ಈ ಧೀಮಂತ ಚೇತನಕ್ಕೆ ಸಲ್ಲುವ ಗೌರವ.