ಊದಿದಷ್ಟೂ ಬೆಂಕಿ ಬಿಸಿಯಾಗುತ್ತದೆಯೇ? ಸರ್ ಎಂವಿ ನಡೆಸಿದ ಭದ್ರಾವತಿ ಕುಲುಮೆಯ ಕಥೆ

ಸೆಪ್ಟೆಂಬರ್ 15 ಬಂತೆಂದರೆ ವಾಟ್ಸಾಪ್ ಗುಂಪುಗಳ ತುಂಬ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ, ಜೊತೆಗೆ ಕನ್ನಂಬಾಡಿ ಕಥೆ. ಅವರು ಬೆಂಕಿಯ ಜೊತೆ ಏಗಿದ ಆರು ವರ್ಷಗಳು ಮಾತ್ರ ಫಾರ್ವರ್ಡ್‌ಗಳಲ್ಲಿ ನಮಗೆ ಕಂಡದ್ದು ಕಡಿಮೆ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆಗ ಅವರು ಬಯಸಿದ್ದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಭದ್ರಾವತಿಯಲ್ಲಿ ಶುರುವಾಯಿತು. ಶಿಕಾರಿಪುರ, ಸೊರಬದವರಿಗೆ ಅದು ನಮ್ಮದೇ ಜಿಲ್ಲೆಯ ಊರು. ಆದರೆ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದಿತ್ತು, ಕಾರ್ಖಾನೆ ನಷ್ಟಕ್ಕೆ ಬಿತ್ತು. ಅರವತ್ತು ದಾಟಿದ್ದ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ 1929ರವರೆಗೆ ನಿಂತು ಅದನ್ನು ಉಳಿಸಿದರು.

ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇಲ್ಲ. ಉರುವಲು ಎಂದರೆ ಮಲೆನಾಡಿನ ಮರದ ಇದ್ದಿಲು. ಅದು ಪೋಲಾದರೆ ದುಡ್ಡೂ ಹೋಯಿತು, ಕಾಡೂ ಹೋಯಿತು.

ಹಾಗಾದರೆ ಜೋರಾಗಿ ಗಾಳಿ ಊದಿದರಾಯಿತಲ್ಲ? ಅಲ್ಲೇ ಇದೆ ತಪ್ಪು ನಂಬಿಕೆ. ಗಾಳಿಯಲ್ಲಿ ಉರಿಸುವ ಆಮ್ಲಜನಕ ಸುಮಾರು 21% ಮಾತ್ರ, ಉಳಿದದ್ದು ಬಹುಪಾಲು ಸಾರಜನಕ. ಒಂದು ಕೆ.ಜಿ. ಇಂಗಾಲ ಪೂರ್ತಿ ಉರಿಯಲು ಸುಮಾರು 11.5 ಕೆ.ಜಿ. ಗಾಳಿ ಸಾಕು. ಅದಕ್ಕಿಂತ ಹೆಚ್ಚು ಬಂದ ಗಾಳಿ ಏನನ್ನೂ ಉರಿಸುವುದಿಲ್ಲ, ಬೆಂಕಿಯ ಶಾಖವನ್ನೇ ಹೀರಿಕೊಂಡು ಚಿಮಣಿಯಿಂದ ಹೊರಗೆ ಹೋಗುತ್ತದೆ. ಅರ್ಧದಷ್ಟು ಗಾಳಿ ಹೆಚ್ಚಾದರೂ ಜ್ವಾಲೆಯ ಉಷ್ಣತೆ ನೂರಾರು ಡಿಗ್ರಿ ಇಳಿಯಬಹುದು. ಕಲ್ಲಿದ್ದಲ ಪುಡಿ ಉರಿಸುವ ಇಂದಿನ ಬಾಯ್ಲರ್‌ಗಳಲ್ಲಿ ಸಾಮಾನ್ಯವಾಗಿ 15ರಿಂದ 20% ಮಾತ್ರ ಹೆಚ್ಚುವರಿ ಗಾಳಿ ಬಿಡುವುದು ಇದಕ್ಕೇ. ಪುಡಿ ಗಾಳಿಯೊಂದಿಗೆ ಸರಿಯಾಗಿ ಬೆರೆಯದೆ ಉಳಿಯಬಾರದೆಂದು ಅಷ್ಟು ಬೇಕು.

ಕಮ್ಮಾರನ ತಿದಿ ಒತ್ತಿದರೆ ಕೆಂಡ ಕೆಂಪಗಾಗುತ್ತದಲ್ಲ, ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ! ಅಲ್ಲಿ ಇದ್ದಿಲು ರಾಶಿ ಬಿದ್ದಿರುತ್ತದೆ, ಕೊರತೆ ಇರುವುದು ಗಾಳಿಗೇ. ಊದುಕುಲುಮೆಯೂ ಹಾಗೆಯೇ. ಒಳಹೊಕ್ಕ ಆಮ್ಲಜನಕಕ್ಕೆಲ್ಲ ಇದ್ದಿಲು ಸಿಗುತ್ತದೆ, ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದಿರಿನಿಂದ ಆಮ್ಲಜನಕ ಕಿತ್ತು ಕಬ್ಬಿಣ ಬಿಡಿಸುತ್ತದೆ. ಇಂಥ ಕುಲುಮೆಗಳಲ್ಲಿ ಬಿಸಿ ಏರಿಸಲು ಗಾಳಿಯನ್ನೇ ಮೊದಲು ಕಾಯಿಸಿ ಊದುತ್ತಾರೆ. 1828ರಲ್ಲಿ ಸ್ಕಾಟ್ಲೆಂಡಿನ ನೀಲ್ಸನ್ ತೋರಿಸಿದ ಉಪಾಯವದು.

ನಮ್ಮ ಕಡೆ ಅಡಿಕೆ ಬೇಯಿಸುವ ಒಲೆಯ ಬಾಯಿ ಅಗಲವಾಗಿದ್ದರೆ ಸೌದೆ ಹೆಚ್ಚು ಬೇಕಾಗುವುದಕ್ಕೂ ಇದೇ ಒಂದು ಕಾರಣ. ಹಾಗೆಂದು ಗಾಳಿ ಮುಚ್ಚುವಂತೆಯೂ ಇಲ್ಲ. ಗಾಳಿ ಸಾಲದಿದ್ದರೆ ಅದೇ ಮಾನಾಕ್ಸೈಡ್ ಕೋಣೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಫಾರ್ವರ್ಡ್ ಮಾಡುವುದಾದರೆ ಈ ಸಾಲನ್ನು ಮೊದಲು ಮಾಡಿ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು, ನೂರು ತುಂಬಿದ ಮೇಲೆ, ತೀರಿಕೊಂಡರು. ಭದ್ರಾವತಿಯ ಕಾರ್ಖಾನೆಗೆ ಈಗಲೂ ಅವರದೇ ಹೆಸರು.