ಯಂತ್ರಶಿಲ್ಪಿ ವಿಲ್ಹೆಲ್ಮ್ ಮೈಬಾಖ್

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಕಾರ್ಬ್ಯುರೇಟರಿನ ವಿಷಯ ಬರೆಯಹೊರಟರೆ ವಿಜ್ಞಾನ ಓದುವ ಮಿತ್ರರು ನಕ್ಕಾರು, ನಗಲಿ. ನನ್ನನ್ನು ಈ ವಿಷಯಕ್ಕೆ ಎಳೆದುತಂದುದು ಪುಸ್ತಕವಲ್ಲ, ನಮ್ಮ ತಂದೆಯವರ ಹಳೆಯ ಮೊಪೆಡ್.

ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ತಂದೆಯವರು ನಸುಕಿನ ಐದು ಗಂಟೆಗೇ ಸೇವಂತಿಗೆಯ ಮೂಟೆ ಕಟ್ಟಿಕೊಂಡು ಹೊರಡಬೇಕು. ಪುಷ್ಯಮಾಸದ ಚಳಿಯಲ್ಲಿ ಆ ಮೊಪೆಡ್ ಸುಲಭವಾಗಿ ಏಳುವುದಿಲ್ಲ. ಹೋದ ಜನವರಿಯಲ್ಲಿ, ಪರೀಕ್ಷೆಯ ದಿನ, ನಾನು ಆತುರಪಟ್ಟು ಚೋಕ್ ಎಳೆದೇ ಹತ್ತಾರು ಸಲ ತುಳಿದೆ. ಪೆಟ್ರೋಲಿನ ವಾಸನೆ ಬಂದಿತೇ ಹೊರತು ಎಂಜಿನ್ ಕೂಗಲಿಲ್ಲ. ತಂದೆಯವರು ಬೈಯಲಿಲ್ಲ. ಪ್ಲಗ್ ಬಿಚ್ಚಿ ಪಂಚೆಯ ಅಂಚಿನಿಂದ ಒರೆಸಿದರು. ಚೋಕನ್ನು ತೆಗೆದು, ಬರಿದೇ ನಾಲ್ಕು ಸಲ ತುಳಿದು, ಪ್ಲಗ್ ಮತ್ತೆ ಹಾಕಿದರು. ಗಾಡಿ ಎದ್ದಿತು. ಚಳಿಗೆ ಇದೇಕೆ ಹೀಗೆ ಹಟ ಮಾಡುತ್ತದೆಂದು ದಾರಿಯಲ್ಲಿ ಕೇಳಿದೆ. ಹಸಿ ಸೌದೆ ಒಲೆಯಲ್ಲಿ ಹತ್ತಿಕೊಳ್ಳುತ್ತದೆಯೇ ಎಂದು ಅವರೇ ನನ್ನನ್ನು ಕೇಳಿದರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಅವರ ಈ ಮಾತು ಎಷ್ಟು ಸರಿಯೆಂಬುದು ಮೈಬಾಖನ ಜೀವನವನ್ನು ಓದಿದ ಮೇಲೆ ನನಗೆ ತಿಳಿಯಿತು.

ವಿಲ್ಹೆಲ್ಮ್ ಮೈಬಾಖನು ೧೮೪೬ನೆಯ ಫೆಬ್ರವರಿ ೯ರಂದು ಜರ್ಮನಿಯ ಹೈಲ್‌ಬ್ರಾನ್ ಪಟ್ಟಣದಲ್ಲಿ ಜನಿಸಿದನು. ತಂದೆ ಬಡಗಿ. ಹತ್ತು ವರ್ಷ ತುಂಬುವಷ್ಟರಲ್ಲಿ ತಾಯಿಯೂ ತಂದೆಯೂ ತೀರಿಕೊಂಡರು. ಅನಾಥ ಮಕ್ಕಳಿಗೆ ನೆರವು ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಹೊರಟಿತು. ಗುಸ್ಟಾವ್ ವೆರ್ನರ್ ಎಂಬ ಧರ್ಮಿಷ್ಠನು ರಾಯಿಟ್ಲಿಂಗನ್ನಿನಲ್ಲಿ ನಡೆಸುತ್ತಿದ್ದ ಆಶ್ರಮವು ಈ ಹುಡುಗನನ್ನು ಕರೆದುಕೊಂಡಿತು. ಅಲ್ಲಿ ಮಕ್ಕಳು ಉಂಡು ಪ್ರಾರ್ಥನೆ ಮಾಡಿದರೆ ಸಾಲದು, ಕಸುಬನ್ನೂ ಕಲಿಯಬೇಕು. ಹದಿನೈದನೆಯ ವಯಸ್ಸಿನಲ್ಲಿ ಮೈಬಾಖನು ಆಶ್ರಮದ ಯಂತ್ರಾಗಾರದಲ್ಲಿ ನಕ್ಷೆ ಬರೆಯಲು ಕುಳಿತನು. ಸಂಜೆ ಊರಿನ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪಾಠ.

ಆ ಯಂತ್ರಾಗಾರಕ್ಕೆ ಮೇಲ್ವಿಚಾರಕನಾಗಿ ಬಂದವನು ಗಾಟ್ಲೀಬ್ ಡೈಮ್ಲರ್. ಡೈಮ್ಲರನು ಹತ್ತೊಂಬತ್ತರ ಮೈಬಾಖನ ಕೈಚಳಕವನ್ನು ಕಂಡನು. ಅಲ್ಲಿಂದ ಮುಂದೆ ಅವನು ಹೋದಲ್ಲಿಗೆ ಇವನೂ ಹೋದನು: ೧೮೬೯ರಲ್ಲಿ ಕಾರ್ಲ್ಸ್‌ರೂಹೆ, ೧೮೭೨ರಲ್ಲಿ ಡಾಯ್ಟ್ಸ್, ೧೮೮೨ರಲ್ಲಿ ಕಾನ್‌ಸ್ಟಾಟ್. ಕಾನ್‌ಸ್ಟಾಟಿನಲ್ಲಿ ಡೈಮ್ಲರನ ತೋಟದ ಗಾಜಿನ ಮನೆಯೇ ಇಬ್ಬರ ಕಾರ್ಯಾಗಾರ. ಹಗಲಿರುಳೂ ಅಲ್ಲಿಂದ ಬರುತ್ತಿದ್ದ ಸದ್ದನ್ನು ಕೇಳಿ, ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ತೋಟದ ಮಾಲಿಯೇ ಪೋಲೀಸರಿಗೆ ಸುದ್ದಿ ಕೊಟ್ಟನಂತೆ. ಅವರು ಬಂದು ಹುಡುಕಿದಾಗ ಸಿಕ್ಕಿದ್ದು ಎಂಜಿನುಗಳು ಮಾತ್ರ! ೧೮೮೫ರಲ್ಲಿ ಅಲ್ಲಿಂದಲೇ ಮರದ ಮೋಟಾರು ಸೈಕಲ್ಲು ಹೊರಬಂದಿತು.

ಇಲ್ಲಿ ವಾಚಕರು ಕೊಂಚ ತಾಳ್ಮೆ ವಹಿಸಬೇಕು. ದ್ರವರೂಪದ ಪೆಟ್ರೋಲು ಸಿಲಿಂಡರಿನಲ್ಲಿ ಸರಿಯಾಗಿ ಉರಿಯದು. ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಉರಿದೀತು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೫ ಪಾಲು ಗಾಳಿ ಬೇಕು. ಮೊದಲ ಕಾರ್ಬ್ಯುರೇಟರುಗಳಲ್ಲಿ ಪಾತ್ರೆಯ ಪೆಟ್ರೋಲಿನ ಮೇಲೆ ಗಾಳಿಯನ್ನು ಹಾಯಿಸಿ ಆವಿಯನ್ನು ಎತ್ತಿಕೊಳ್ಳುತ್ತಿದ್ದರು. ಹಗುರವಾದ ಅಂಶ ಮೊದಲು ಹಾರಿಹೋಗಿ ಜಡವಾದುದು ತಳದಲ್ಲಿ ಉಳಿಯುತ್ತಿತ್ತು. ಚಳಿಯಾದರೆ ಆವಿಯೇ ಏಳುತ್ತಿರಲಿಲ್ಲ. ತಂದೆಯವರ ಹಸಿ ಸೌದೆ ಇದೇ.

೧೮೯೦ರಲ್ಲಿ ಡೈಮ್ಲರನ ಹೆಸರಿನ ಕಂಪೆನಿ ಸ್ಥಾಪನೆಯಾಯಿತು. ಬಂಡವಾಳ ಹೂಡಿದವರು ಮುಂದಿಟ್ಟ ಕರಾರು ಒಪ್ಪಿಗೆಯಾಗದೆ ಮೈಬಾಖನು ಮರುವರ್ಷವೇ ಹೊರಬಂದನು. ಡೈಮ್ಲರನು ಕೈಬಿಡಲಿಲ್ಲ, ಕಾನ್‌ಸ್ಟಾಟಿನ ಹರ್ಮನ್ ಹೋಟೆಲಿನ ಬಳಕೆಯಿಲ್ಲದ ಸಭಾಂಗಣವನ್ನು ಹಿಡಿದು, ಅಲ್ಲಿ ಅವನಿಗೆ ಕೆಲಸ ಮಾಡಲು ಹಣ ಒದಗಿಸಿದನು. ಕಂಪೆನಿಗೆ ಬೇಡವಾದವನು ಹೋಟೆಲಿನ ಆ ಹಜಾರದಲ್ಲಿ ಕುಳಿತು, ೧೮೯೩ರಲ್ಲಿ, ಸಿಂಚನದ ಕಾರ್ಬ್ಯುರೇಟರನ್ನು ರೂಪಿಸಿದನು. ಪುಟ್ಟ ಕೋಣೆಯಲ್ಲಿ ತೇಲುಬುಡ್ಡೆಯೊಂದು ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಎಂಜಿನ್ ಉಸಿರೆಳೆದಾಗ ಕೊಳವೆಯಲ್ಲಿ ಗಾಳಿ ರಭಸದಿಂದ ನುಗ್ಗಿ, ಸಣ್ಣ ರಂಧ್ರದಿಂದ ಪೆಟ್ರೋಲನ್ನು ಹನಿಹನಿಯಾಗಿ ಹೀರಿ ಚದುರಿಸುತ್ತದೆ. ಪಾತ್ರೆಯ ಆವಿಗಾಗಿ ಕಾಯಬೇಕಾಗಿಲ್ಲ. ಇದೇ ತತ್ತ್ವದ ಯಂತ್ರಕ್ಕೆ ಹಂಗೇರಿಯ ಬಾಂಕಿ ಮತ್ತು ಚೋಂಕಾ ಎಂಬಿಬ್ಬರು ಅದೇ ವರ್ಷ ಕೆಲವು ತಿಂಗಳು ಮೊದಲೇ ಪೇಟೆಂಟ್ ಕೇಳಿದ್ದರು. ಆದ್ದರಿಂದ ಕೀರ್ತಿಯನ್ನೆಲ್ಲ ಮೈಬಾಖನೊಬ್ಬನಿಗೇ ಕೊಡುವುದು ನ್ಯಾಯವಲ್ಲ.

ಆದರೂ ಚಳಿ ಪೂರ್ತಿ ಸೋಲಲಿಲ್ಲ. ತಣ್ಣನೆಯ ಕೊಳವೆಗೆ ತಗುಲಿದ ಹನಿಗಳು ಅಲ್ಲಿಯೇ ಅಂಟಿಕೊಳ್ಳುತ್ತವೆ. ಕಿಡಿಯವರೆಗೆ ಆವಿಯಾಗಿ ತಲುಪುವುದು ಅಲ್ಪ. ಅದಕ್ಕೇ ತರುವಾಯ ಚೋಕ್ ಬಂದಿತು: ಗಾಳಿಯ ಬಾಗಿಲನ್ನು ಅರೆಮುಚ್ಚಿದರೆ ಹೀರಿಕೆ ಹೆಚ್ಚಿ, ಪೆಟ್ರೋಲು ಬೇಕೆಂದೇ ಅತಿಯಾಗಿ ಬರುತ್ತದೆ. ಅತಿ ಇನ್ನೂ ಅತಿಯಾದರೆ ಪ್ಲಗ್ ನೆನೆಯುತ್ತದೆ. ಪರೀಕ್ಷೆಯ ದಿನ ನಾನು ಮಾಡಿದ್ದು ಅಷ್ಟೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಯವರು ಕಾರ್ಬ್ಯುರೇಟರಿನ ಮೇಲಿನ ಗುಂಡಿಯನ್ನೊತ್ತಿ ತೇಲುಬುಡ್ಡೆಯನ್ನು ಮುಳುಗಿಸಿ ಇದೇ ಕೆಲಸ ಮಾಡುತ್ತಿದ್ದರು. ಹಳೆಯ ಸೀಮೆಎಣ್ಣೆ ಪಂಪುಗಳನ್ನು ರೈತರು ಮೊದಲು ಪೆಟ್ರೋಲಿನಲ್ಲಿ ಎಬ್ಬಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದುದೂ ಇದೇ ಕಾರಣಕ್ಕೆ. ಹಿರಿಯೂರಿನ ಹೆದ್ದಾರಿಯ ಲಾರಿಗಳದು ಡೀಸೆಲ್ ಜಾತಿ. ಅವಕ್ಕೆ ಕಾರ್ಬ್ಯುರೇಟರೂ ಇಲ್ಲ, ಕಿಡಿಯ ಪ್ಲಗ್ಗೂ ಇಲ್ಲ.

೧೮೯೫ರಲ್ಲಿ ಕಂಪೆನಿಯೇ ಅವನನ್ನು ಮರಳಿ ಕರೆಸಿಕೊಂಡಿತು. ೧೯೦೦ರ ಮಾರ್ಚಿಯಲ್ಲಿ ಡೈಮ್ಲರನು ಮಡಿದನು. ಅದೇ ವರ್ಷ ಯೆಲ್ಲಿನೆಕ್ ಎಂಬ ವರ್ತಕನ ಬೇಡಿಕೆಯ ಮೇರೆಗೆ ಮೈಬಾಖನು ೩೫ ಅಶ್ವಶಕ್ತಿಯ ಕಾರನ್ನು ರಚಿಸಿದನು. ಅದರ ನೀರು ತಣಿಸುವ ಜೇನುಗೂಡಿನಲ್ಲಿ ೮,೦೭೦ ಪುಟ್ಟ ಕೊಳವೆಗಳಿದ್ದವು. ಕಾರಿಗೆ ವರ್ತಕನ ಮಗಳ ಹೆಸರಿಟ್ಟರು, ಮರ್ಸಿಡಿಸ್. ಕಂಪೆನಿಗೆ ಡೈಮ್ಲರನ ಹೆಸರು, ಕಾರಿಗೆ ಹುಡುಗಿಯ ಹೆಸರು. ನಕ್ಷೆ ಬರೆದವನ ಹೆಸರು ಎರಡರಲ್ಲಿಯೂ ಇಲ್ಲ. ನನಗೆ ಇದು ಇಂದಿಗೂ ನೋವಿನ ಸಂಗತಿ. ಮನಸ್ತಾಪ ಬೆಳೆದು ೧೯೦೭ರಲ್ಲಿ ಅವನು ಕಂಪೆನಿಯನ್ನು ಬಿಟ್ಟನು. ೧೯೦೯ರಲ್ಲಿ ಜೆಪ್ಪೆಲಿನ್ ಆಕಾಶನೌಕೆಗಳ ಎಂಜಿನುಗಳಿಗಾಗಿ ಹೊಸ ಕಾರ್ಖಾನೆ ಎದ್ದಿತು. ಅದನ್ನು ಮಗ ಕಾರ್ಲ್ ನಡೆಸಿದನು. ಸಂಜೆಶಾಲೆಯಲ್ಲಿ ಓದಿದ ಮೈಬಾಖನಿಗೆ ೧೯೧೬ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರ್ ಪದವಿಯನ್ನಿತ್ತಿತು. ೧೯೨೯ರ ಡಿಸೆಂಬರ್ ೨೯ರಂದು ತೀರಿಕೊಂಡ ಅವನ ಸಮಾಧಿಯು ಕಾನ್‌ಸ್ಟಾಟಿನಲ್ಲಿ, ಡೈಮ್ಲರನ ಸಮಾಧಿಯಿದ್ದ ರುದ್ರಭೂಮಿಯಲ್ಲಿಯೇ ಇದೆ.

೨೦೨೦ರ ಹೊಸ ನಿಯಮದ ತರುವಾಯ ನಮ್ಮ ದೇಶದ ಹೊಸ ದ್ವಿಚಕ್ರಗಳಲ್ಲಿ ಬಹುತೇಕ ಕಾರ್ಬ್ಯುರೇಟರ್ ಮಾಯವಾಗಿದೆ. ಚಿತ್ರದುರ್ಗದ ಗ್ಯಾರೇಜುಗಳಲ್ಲಿ ಅದನ್ನು ಬಿಚ್ಚಿ ತೊಳೆಯುವ ಕೆಲಸ ವರ್ಷದಿಂದ ವರ್ಷಕ್ಕೆ ಕಡಿಮೆ. ಮೊನ್ನೆ ಊರಿಗೆ ಹೋದಾಗ ತಂದೆಯವರಿಗೆ ಈ ಕಥೆಯನ್ನೆಲ್ಲ ಹೇಳಿದೆ. ಪೋಲೀಸರ ಸಂಗತಿಗೆ ನಕ್ಕರು. ಆ ಅನಾಥ ಹುಡುಗನ ಶಾಲೆಯ ಫೀಜು ಯಾರು ಕಟ್ಟಿದರೆಂದು ವಿಚಾರಿಸಿದರು. ಸಾಕಿ ಸಲಹಿದ್ದು ಆಶ್ರಮವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊತ್ತಾಯಿತೆಂದು ಎದ್ದು, ಚೋಕ್ ಎಳೆದು ತುಳಿಯತೊಡಗಿದರು.